ಹುಟ್ಟದ ಮಕ್ಕಳಿಗೂ ಕೋಣೆ ಕೇಳುವ ವೀರಮ್ಮ

ಬೆಳಗಿನ ಐದು ಗಂಟೆ. ಕಾಶಿಯ ಬಂಗಾಲಿ ಟೋಲಾದ ಗಲ್ಲಿಯ ನಲ್ಲಿಗೆ ಈಗಷ್ಟೇ ನೀರು ಬಂದಿದೆ. ಬಿಂದಿಗೆ ಹಿಡಿದ ಹೆಂಗಸರ ಸಾಲಿನ ಪಕ್ಕದಲ್ಲಿ ನಲವತ್ತಾರರ ವೀರಮ್ಮ ನೋಟ್‌ಬುಕ್ ತೆರೆದು ನಿಂತಿದ್ದಾರೆ. "ಮನೆಯಲ್ಲಿ ಐದು ವರ್ಷದೊಳಗಿನ ಬಚ್ಚಾ ಎಷ್ಟು?" ಎಂದು ಹಿಂದಿಯಲ್ಲಿ ಕೇಳುತ್ತಾರೆ. ಒಬ್ಬಾಕೆ ಎರಡು ಬೆರಳು ತೋರಿಸಿ, ನಕ್ಕು, ತುಂಬಿದ ಹೊಟ್ಟೆಯನ್ನೂ ಮುಟ್ಟಿಕೊಳ್ಳುತ್ತಾಳೆ. ವೀರಮ್ಮ ಮೂರು ಎಂದು ಬರೆಯುತ್ತಾರೆ.

ಹತ್ತು ಗಂಟೆಯಿಂದ ಅವರು ಸರ್ಕಾರಿ ಶಾಲೆಗಳ ಕಟ್ಟಡ ನೋಡಿಕೊಳ್ಳುವ ಕಚೇರಿಯಲ್ಲಿ ಟ್ರೇಸರ್. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಇಂಕಿನಲ್ಲಿ ತಿದ್ದುವ ಕೆಲಸ. ಮಕ್ಕಳನ್ನು ಎಣಿಸಿರೆಂದು ಯಾರೂ ಹೇಳಿಲ್ಲ. ಆದರೂ ಹನ್ನೊಂದು ವರ್ಷಗಳಿಂದ ವಾರಕ್ಕೆ ನಾಲ್ಕು ಬೆಳಗು, ಬೆಳಗಿಗೆ ನಲವತ್ತು ಮನೆ. ಒಮ್ಮೊಮ್ಮೆ ಬಸ್ಸು ಹಿಡಿದು ಸಾರನಾಥದವರೆಗೂ. ಯಾಕೆಂದು ಕೇಳಿದರೆ ನನ್ನನ್ನೇ ಕೇಳುತ್ತಾರೆ:

"ಇವತ್ತು ತೊಟ್ಟಿಲದಾಗ ಇದ್ದದ್ದು ಐದು ವರ್ಷಕ್ಕ ಸಾಲಿಗೆ ಬರತೈತಿ. ಮಂಜೂರಾಗಿ ಕಟ್ಟಡ ಏಳಾಕ ನಾಕು ವರ್ಷ ಬೇಕು. ಹಂಗಾದ್ರ ಎಣಿಸೋದು ಯಾವಾಗ್ರಿ?"

ಕೊಟ್ಟೂರಿನಿಂದ ಬಂದು ಇಲ್ಲಿನ ಮಠದ ಅಡುಗೆ ನೋಡುತ್ತಿದ್ದ ಹಾಲಯ್ಯನವರ ಮಗಳು ಈಕೆ. ಹುಟ್ಟಿದ್ದು ಕಾಶಿಯಲ್ಲೇ. ಓದಿದ ಶಾಲೆಯಲ್ಲಿ ಒಂದೇ ಕೋಣೆಗೆ ಮೂರು ತರಗತಿ. ಹುಡುಗಿಯರ ಜಾಗ ಹೊಸ್ತಿಲಾಚೆ. "ಐದು ವರ್ಷ ಕರಿಹಲಗಿ ನನಗ ಓರೆಯಾಗೇ ಕಂಡೈತಿ."

1972ರಲ್ಲಿ ಸಾರನಾಥದ ಕಡೆಯ ಶಾಲೆಯೊಂದರ ಹೊಸ ಕಟ್ಟಡಕ್ಕೆ ಎರಡು ಕೋಣೆಯ ನಕ್ಷೆ ಬಂತು. ಆಗ ಓದಲು ಬರುತ್ತಿದ್ದವರು ಎಂಬತ್ತು ಮಂದಿ. ವೀರಮ್ಮನ ಪುಸ್ತಕದಲ್ಲಿ ಐದರೊಳಗಿನವರೇ ಇನ್ನೂರ ಹದಿನಾಲ್ಕು. ನಾಲ್ಕು ಕೋಣೆ ಹಾಕಿ, ಇಲ್ಲವೇ ಮಹಡಿ ಹೊರುವಂಥ ಪಾಯವನ್ನಾದರೂ ಹಾಕಿ ಎಂದರು.

"ನಿನ್ನ ಕೆಲಸ ಗೆರೆ ಎಳೆಯೋದು" ಎಂದ ಎಂಜಿನಿಯರು.

"ಈ ಗೆರೆ ನಾನು ಎಳೆಯೋದಿಲ್ಲ ಸಾಹೇಬ್" ಎಂದು ವೀರಮ್ಮ ಪೆನ್ನು ಕೆಳಗಿಟ್ಟರು.

ಮಾರನೆಯ ದಿನವೇ ಅವರನ್ನು ಹಳೆಯ ಕಡತಗಳ ಕೋಣೆಗೆ ತಳ್ಳಿದರು. ನಾಲ್ಕು ವರ್ಷ ಅಲ್ಲೇ, ಬಡ್ತಿಯೂ ತಪ್ಪಿತು. ನಕ್ಷೆಯನ್ನು ಬೇರೊಬ್ಬರು ತಿದ್ದಿದರು, ಎರಡು ಕೋಣೆಯ ಶಾಲೆ ಎದ್ದಿತು. ಬೆಳಗಿನ ಎಣಿಕೆ ಮಾತ್ರ ನಿಲ್ಲಲಿಲ್ಲ.

1976ರ ಜುಲೈನಲ್ಲಿ ಆ ಶಾಲೆಗೆ ಇನ್ನೂರಮೂರು ಮಕ್ಕಳು ಬಂದರು. ಮೂರು ತರಗತಿ ಬೇವಿನ ಮರದಡಿ; ಮಳೆ ಬಂದರೆ ರಜೆ. ಮಹಡಿ ಕಟ್ಟೋಣವೆಂದರೆ ಪಾಯ ತಾಳದು. ಹೊಸದಾಗಿ ಬಂದ ಎಂಜಿನಿಯರು, ಮೈಸೂರಿನ ಕಡೆಯ ಸುಬ್ರಹ್ಮಣ್ಯ, ತಾವೇ ಕಡತದ ಕೋಣೆಗೆ ಬಂದರು.

"ಅಮ್ಮಾ, ಮುಂದಿನ ಐದು ವರ್ಷದ ಲೆಕ್ಕ ನಿಮ್ಮ ಹತ್ರ ಇದೆಯಂತೆ?"

ಇತ್ತು. ಗಲ್ಲಿಗಲ್ಲಿಯದೂ ಇತ್ತು. ಈಗ, ಎರಡು ವರ್ಷದ ಬಳಿಕ, ಆ ಲೆಕ್ಕದ ಮೇಲೆ ಮೂರು ಶಾಲೆಗಳಿಗೆ ಮಹಡಿ ಹೊರುವ ಪಾಯ ಬಿದ್ದಿದೆ. ಹುಡುಗಿಯರಿಗೆ ಬೇರೆ ಶೌಚಾಲಯವೂ ನಕ್ಷೆಯಲ್ಲಿದೆ. ವೀರಮ್ಮ ಮತ್ತೆ ಟ್ರೇಸಿಂಗ್ ಮೇಜಿಗೆ ಬಂದಿದ್ದಾರೆ, ಆದರೆ ಅವರ ಹೆಸರು ಎಲ್ಲೂ ಇಲ್ಲ.

ಕಳೆದ ತಿಂಗಳು ಮೇಲಿನಿಂದ ಕಾಗದ ಬಂದಿದೆ: ಅಂದಿನ ಅವಿಧೇಯತೆಗೆ ಕ್ಷಮೆ ಬರೆದುಕೊಟ್ಟರೆ ಬಡ್ತಿ ಕೊಡಬಹುದು. ಬರೆದುಕೊಡುತ್ತೀರಾ ಎಂದು ಕೇಳುತ್ತೇನೆ. ಟ್ರೇಸಿಂಗ್ ಬಟ್ಟೆಯ ಸುಕ್ಕು ಬಿಡಿಸುತ್ತ, ತಲೆ ಎತ್ತದೆಯೇ ಅವರು ಹೇಳುತ್ತಾರೆ:

"ಯಾಕ ಬರೀಲ್ರಿ? ಬಡ್ತಿ ಇಲ್ಲದೇ ರಿಟೈರ್ ಆಗಿ ಮನಿಗೆ ಹೋಗ್ತೀನಿ. ಆ ಎರಡು ಕೋಣಿ ನಕ್ಷಾ ಮಾತ್ರ ನನ್ನ ಕೈಯಿಂದ ಹೋಗಿಲ್ಲ."