ಮಾಲೆ ಹಾಕಿದವನ ಗುಳಿಗೆ

ನನ್ನ ತಮ್ಮ ಮಲ್ಲೇಶ ಅಯ್ಯಪ್ಪನ ಮಾಲೆ ಹಾಕಿಕೊಂಡಿದ್ದಾಗ ಕದ್ದು ಕುಡಿದಿರಲಿಲ್ಲ. ಕುಡಿದಿದ್ದಾನೆ ಎಂದು ಓಣಿಯೆಲ್ಲ ಅಂದಾಗ, ಕೊನೆಗೆ ಅವನೇ ಅದನ್ನು ನಂಬಿದಾಗ, ನಿಜ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಡಲಿಲ್ಲ.

ನಾನು ಹುಟ್ಟಾ ಚಿಂತೆಯವಳು. ಲಿಫ್ಟು ನಡುವೆ ನಿಂತರೆ ಎಂದು ನೀರಿನ ಬಾಟಲಿ ಹಿಡಿದೇ ಕೆಳಗಿಳಿಯುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ರೋ ಹತ್ತಿದವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ಬಂದದ್ದಿದೆ. ಇಷ್ಟೆಲ್ಲ ಹೆದರುವವಳು, ಹೆದರಬೇಕಾಗಿದ್ದ ಒಂದೇ ಒಂದು ಕಡೆ ಭಾರೀ ಧೈರ್ಯವಂತೆಯಾಗಿಬಿಟ್ಟೆ.

ಗಂಡ ತೀರಿಹೋದ ಮೇಲೆ ಮಿಯಾಪುರದ ಮನೆಯಲ್ಲಿ ನಾನು, ಮಲ್ಲೇಶ ಇಬ್ಬರೇ. ಅವನು ಸೇಡಂ ಕಡೆಯಿಂದ ಗೋಡೆಗೆ ಗಿಲಾಯಿ ಮಾಡುವ ಕೆಲಸಕ್ಕೆ ಬಂದವನು. ಹೊರಗೆಲ್ಲ ತೆಲುಗು, ಹಿಂದಿ. ನಮ್ಮ ಮಾತು ಆಡಲಿಕ್ಕೆ ನನಗೆ ಇದ್ದವನು ಅವನೊಬ್ಬ. ಕೆಲಸ ಮುಗಿಸಿ ಸೇಂದಿ ಅಂಗಡಿಗೆ ಹೋಗುತ್ತಿದ್ದ. ಆ ಸೇಂದಿಯಲ್ಲಿ ನಿದ್ದೆಗುಳಿಗೆಯ ಪುಡಿ ಬೆರೆಸುತ್ತಾರೆ ಎಂಬುದು ನನಗೆ ತಿಳಿದದ್ದು, ಕುಡಿಯದ ದಿನ ಅವನ ಕೈಯಲ್ಲಿ ಚಹಾದ ಲೋಟ ನಿಲ್ಲದೆ ಆಸ್ಪತ್ರೆಗೆ ಕರೆದೊಯ್ದಾಗ. ಡಾಕ್ಟರು ನನ್ನೊಬ್ಬಳನ್ನೇ ಬದಿಗೆ ಕರೆದು ಬಿಡಿಸಿ ಹೇಳಿದ್ದರು — ಮೈ ಆ ಪುಡಿಗೆ ಒಗ್ಗಿಬಿಟ್ಟಿದೆ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುತ್ತದೆ, ಈ ಗುಳಿಗೆ ಕೊಟ್ಟು ಮೆಲ್ಲಗೆ ಇಳಿಸುತ್ತೇವೆ, ನೀವಾಗಿ ನಿಲ್ಲಿಸಬೇಡಿ. ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಗುಳಿಗೆಯಿಂದ ಅವನು ಸುಧಾರಿಸುತ್ತಲೂ ಇದ್ದ. ಅಷ್ಟರಲ್ಲಿ ಕಾರ್ತೀಕ ಬಂತು. ಇಲ್ಲಿ ಎಂಥೆಂಥ ಕುಡುಕರೂ ಮಾಲೆ ಹಾಕಿದರೆಂದರೆ ವ್ರತ ಮುಗಿಯುವವರೆಗೆ ಮುಟ್ಟುವುದಿಲ್ಲ. ಅವರ ಮನೆಯ ಹೆಂಗಸರು ಆ ತಿಂಗಳಿಗೇ ಕಾಯುತ್ತಾರೆ. ನೀನೂ ಹಾಕಿಕೋ ಎಂದು ಬೆನ್ನು ಹತ್ತಿದವಳು ನಾನು. ಕರಿ ಲುಂಗಿ, ಬರಿಗಾಲು, ಹಣೆತುಂಬ ವಿಭೂತಿ — ನೆರೆಯವರು ಅವನಿಗೆ ಕೈ ಮುಗಿಯುತ್ತಿದ್ದರು. ನಾನೂ ತಮ್ಮನನ್ನು ‘ಸ್ವಾಮಿ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದೆ. ಆ ಮರ್ಯಾದೆ ನನಗೇ ಸಿಗುತ್ತಿದೆ ಅನಿಸುತ್ತಿತ್ತು… ಆದರೆ ಪೂಜೆ ಮುಗಿಸಿ ಅವನು ಗುಳಿಗೆ ನುಂಗುವುದನ್ನು ಕಂಡರೆ ಕಣ್ಣಲ್ಲಿ ಕಸ ಬಿದ್ದಂತೆ.

“ಸ್ವಾಮಿ, ಮಾಲಿ ಹಾಕ್ಕೊಂಡ ಮ್ಯಾಲೂ ಗುಳಿಗಿ ಯಾಕ್ರಿ? ಇದೂ ಒಂದು ನಶಾನ ಅಲ್ಲೇನು?”

ವ್ರತದಲ್ಲಿದ್ದವರು ಹೆಂಗಸರನ್ನು ‘ಮಾತಾ’ ಎನ್ನಬೇಕು. ಅವನು ಅದನ್ನು ಮರೆತ. “ಡಾಕ್ಟರ್ ನಿಲ್ಲಿಸಬ್ಯಾಡ ಅಂದಾರಲ್ಲ, ಅಕ್ಕಾ… ನೀ ಅಂದ್ರ ಬಿಡ್ತೀನಿ.”

ನಾನು ಅಂದೆ. ಗುಳಿಗೆಗಳನ್ನು ನಾನೇ ಕಸದ ಬುಟ್ಟಿಗೆ ಹಾಕಿದೆ.

ಕೆಲವೇ ದಿನಕ್ಕೆ, ಓಣಿಯವರು ಅಯ್ಯಪ್ಪನ ಹದಿನೆಂಟು ಮೆಟ್ಟಿಲಿಗೆ ಮಾಡುವ ಪಡಿಪೂಜೆಯಲ್ಲಿ, ಕರ್ಪೂರ ಹಚ್ಚುತ್ತಿದ್ದ ಹೊತ್ತಿಗೆ ಅವನು ಬಿದ್ದ. ಹಲ್ಲು ಕಚ್ಚಿತ್ತು, ಕಾಲು ನೆಲಕ್ಕೆ ಬಡಿಯುತ್ತಿತ್ತು. ಮಾಲೆ ಹಾಕಿ ಕುಡಿದಿದ್ದಾನೆ, ಅದಕ್ಕೇ ಅಯ್ಯಪ್ಪ ಒದ್ದ ಎಂದು ಯಾರೋ ಅಂದರು. ಮಾಲೆ ಹಾಕಿಸಿದ್ದ ಗುರುಸ್ವಾಮಿಯೇ ಬಗ್ಗಿ, ಎಲ್ಲರ ಎದುರಿಗೆ ಅವನ ಕೊರಳಿನ ಮಾಲೆ ತೆಗೆದರು. ನಾನು ಅಲ್ಲೇ ಇದ್ದೆ, ಸೆರಗು ಹಿಡಿದುಕೊಂಡು. ಆಸ್ಪತ್ರೆಯಲ್ಲಿ, ಗುಳಿಗೆ ನಿಲ್ಲಿಸಿದ್ದಿರಾ ಎಂದು ಕೇಳಿದರು. ಅವನೇ ತಗೊಳ್ಳುತ್ತಾನೆ, ನನಗೆ ಗೊತ್ತಿಲ್ಲ ಎಂದೆ.

ಮರುದಿನ ಅವನಿಗೆ ಪೂರಾ ಎಚ್ಚರವಾಯಿತು. “ಅಕ್ಕಾ, ನಾ ಕುಡದಿದ್ನೇನು? ನಂಗೇನೂ ನೆಪ್ಪಿಲ್ಲ.”

“ಆಗಿದ್ದು ಆತು ಬಿಡು.”

ಇಷ್ಟೇ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ — ಎಂದು ಎಷ್ಟೋ ವರ್ಷ ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ದೇವರ ಮುಂದೇ ನಿಲ್ಲಲಾರದವನು ಡಾಕ್ಟರ ಮುಂದೆ ಏನು ನಿಂತೇನು ಎಂದು ಚಿಕಿತ್ಸೆ ಬಿಟ್ಟ. ಮತ್ತೆ ಸೇಂದಿ ಹಿಡಿದ. ನನಗೆ ಮುಖ ತೋರಿಸಲಾರದೆ ಊರಾಚೆಯ ಶಂಶಾಬಾದಿಗೆ ಹೋದ. ಮುಖ ತೋರಿಸಬಾರದವಳು ನಾನು. ನಾನು ಇಲ್ಲೇ ಟಿವಿಯ ಜೊತೆ ಕನ್ನಡ ಮಾತಾಡಿಕೊಂಡು ಉಳಿದೆ.

ಈಚೆಗೆ ಅವನು ತಾನಾಗಿ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದ್ದಾನೆ. ಭಾನುವಾರ ಮನೆಯವರನ್ನೂ ಕೂರಿಸುತ್ತಾರೆ. ನನಗೂ ಕರೆ ಬಂತು, ಹೋದೆ. ತಮ್ಮ ತಮ್ಮ ಕಥೆ ಹೇಳುವ ಸರದಿ. ಮಲ್ಲೇಶ ಎದ್ದು ನಿಂತು, ಮಾಲೆ ಹಾಕಿಕೊಂಡೂ ಕುಡಿದ ಪಾಪಿ ನಾನು, ಅದರ ಮುಂದೆ ಉಳಿದದ್ದೆಲ್ಲ ಸಣ್ಣದು ಎಂದ. ಪ್ರತಿ ವಾರ ಇದನ್ನೇ ಹೇಳುತ್ತಾನಂತೆ. ಕೌನ್ಸೆಲರಮ್ಮ ನನ್ನ ಕೈ ಹಿಡಿದು, ನೀವು ಎಷ್ಟು ಸಹಿಸಿದ್ದೀರಿ ಎಂದು ತೆಲುಗಿನಲ್ಲಿ ಅಂದರು. ನಾನು — ತಲೆಯಾಡಿಸಿದೆ.

ಈಗ ಹೇಳಿದರೆ ಅವನು ಮತ್ತೆ ಜಾರಿಬಿಟ್ಟರೆ? ಕಟ್ಟಿಕೊಂಡದ್ದು ಕುಸಿದರೆ? ವಾರವಿಡೀ ಹೀಗೆ ಚಿಂತಿಸಿದೆ. ಅದು ಅವನ ಬಗೆಗಿನ ಚಿಂತೆಯಲ್ಲ, ನನ್ನ ಬಗೆಗಿನದು. ಹೇಡಿತನಕ್ಕೆ ನಾನು ಹೊದಿಸಿದ ಶಾಲು.

ನಿನ್ನೆ ಕೌನ್ಸೆಲರಮ್ಮನಿಗೆ ಫೋನ್ ಮಾಡಿದೆ. ತಮ್ಮನಿಗೆ ಒಂದು ಮಾತು ಹೇಳಬೇಕು, ಹೇಳುವಾಗ ಅವನ ಪಕ್ಕದಲ್ಲಿ ನೀವಿರಬೇಕು ಎಂದೆ. ಏನು ಮಾತು ಎಂದರು. ಹೇಳಿದೆ. ಅವನನ್ನು ನಾವು ನೋಡಿಕೊಳ್ಳುತ್ತೇವೆ, ಆದರೆ ಅವನು ನಿಮ್ಮ ಮುಖವೂ ನೋಡದೆ ಎದ್ದು ಹೋಗಬಹುದು, ಮತ್ತೆ ಬರದಿರಬಹುದು ಎಂದರು.

ಹೋಗಲಿ. ಹೋಗುವಾಗ ಅವನು ಮಾಲೆ ಹಾಕಿ ಕುಡಿದವನಾಗಿ ಹೋಗುವುದಿಲ್ಲ.