ಉಪ್ಪು ಸರಿ ಇದೆ

ಹೋದ ತಿಂಗಳವರೆಗೂ ನಾನು ದಿನಕ್ಕೆ ಎರಡು ಹೊತ್ತು ಸುಳ್ಳು ಹೇಳುತ್ತಿದ್ದೆ. ಎರಡು ಹೊತ್ತೂ ಒಂದೇ ಸುಳ್ಳು: ಉಪ್ಪು ಸರಿ ಇದೆ.

ನಮ್ಮ ಮನೆಯಲ್ಲಿ ದೇವರಿಗೆ ಎಡೆ ಇಡುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ನನ್ನ ಹೆಂಡತಿ ಗಿರಿಜ ಇದನ್ನು ನಿಟ್ಟೂರಿನ ತವರಿನಿಂದಲೇ ಕಲಿತು ಬಂದವಳು. ಹರಳುಪ್ಪನ್ನು ಬೆರಳಲ್ಲೇ ಅಳೆದು ಹಾಕುತ್ತಿದ್ದಳು. ಇಪ್ಪತ್ತೆಂಟು ವರ್ಷ ಅಳತೆ ತಪ್ಪಲಿಲ್ಲ. ನಾಲಿಗೆಗಿಂತ ಮೊದಲು ಕೈಗೆ ತಿಳಿಯುತ್ತದೆಂದೇ ನಮ್ಮವರು ಕೈರುಚಿ ಎಂದಿರಬೇಕು. ಇದನ್ನು ನೆಂಟರ ಮುಂದೆ ಹೇಳಿ ನಾನೂ ಜಂಬ ಕೊಚ್ಚಿದ್ದೇನೆ.

ಐವತ್ತೆರಡಕ್ಕೆ ಅವಳ ಕೈ ಮರೆಯತೊಡಗಿತು. ಹಾಕಿದ ಉಪ್ಪನ್ನೇ ಮತ್ತೆ ಹಾಕುವಳು. ಆಮೇಲೆ ಗ್ಯಾಸ್ ಆರಿಸುವುದು ಮರೆತಳು, ತಂಗಿಯ ಮಗಳ ಹೆಸರು ಮರೆತಳು. ತುಮಕೂರಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ನೋಡಿ, ಇದು ಮರೆವಿನ ಕಾಯಿಲೆಯ ಶುರು, ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದರು. ಸೊಪ್ಪು, ಕಾಳು, ಆಕ್ರೋಟು, ನಡಿಗೆ, ನಿದ್ದೆ ಎಂದು ಬರೆದುಕೊಟ್ಟರು. ಉಪ್ಪು ಕಡಿಮೆ ಎಂದು ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದರು.

ಐವತ್ತಾರನೇ ವಯಸ್ಸಿನಲ್ಲಿ ನಾನು ಆಕ್ರೋಟಿನ ಭಕ್ತನಾದೆ. ತುಮಕೂರಿನ ಸತ್ಯಮಂಗಲದ ನಮ್ಮ ಫ್ಯಾಕ್ಟರಿಗೆ ಕುಣಿಗಲ್‌ನಿಂದ ಬರುವ ಗೆಳೆಯನೊಬ್ಬ ಗದ್ದೆ ಬದುವಿನ ಒಂದೆಲಗ ತಂದುಕೊಡುತ್ತಿದ್ದ. ಅವಳ ಜೊತೆ ನಾನೂ ತಿಂದೆ; ಭಯ ನನಗೂ ಇತ್ತು. ಒಮ್ಮೆ ಗುಬ್ಬಿ ಸಂತೆಯಲ್ಲಿ ನೆನಪಿನ ಶಕ್ತಿಗೆಂದು ನುಗ್ಗೆಸೊಪ್ಪು ಕೊಂಡು, ದುಡ್ಡು ಕೊಟ್ಟು, ಸೊಪ್ಪನ್ನು ಅಲ್ಲೇ ಬಿಟ್ಟು ಬಂದೆ. ಗಿರಿಜ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಇಷ್ಟೆಲ್ಲ ಪಥ್ಯದ ಮೇಲೆ ಎರಡೆರಡು ಸಲ ಉಪ್ಪು ಬಿದ್ದ ಸಾರು ಸುರಿದುಕೊಂಡು ಉಣ್ಣುತ್ತಿದ್ದೆ. ಸೌಟು ಹಿಡಿದು ನಿಂತು, "ಉಪ್ಪು ಸರಿ ಇದ್ಯೇನ್ರೀ?" ಅನ್ನುವಳು. ಆ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ನನ್ನ ಬಿಪಿ ಏರಿತು. ಕ್ಯಾಂಟೀನಿನ ಉಪ್ಪಿನಕಾಯಿ ಎಂದು ಡಾಕ್ಟರಿಗೂ ಸುಳ್ಳು ಹೇಳಿದೆ. ಇದನ್ನೇ ಪ್ರೀತಿ ಎಂದುಕೊಂಡಿದ್ದೆ.

ಹೋದ ತಿಂಗಳು ಒಂದು ದಿನ ಮುದ್ದೆ, ಬಸ್ಸಾರು. ಸಾರು ಸಪ್ಪೆ, ಬರೀ ಸಪ್ಪೆ. ಅವಳು ಎಂದಿನಂತೆ ಕೇಳಿದಳು. ನಾನು ಎಂದಿನಂತೆ ಸರಿ ಇದೆ ಎಂದೆ.

ಗಿರಿಜ ಸೌಟು ಕೆಳಗಿಟ್ಟಳು.

"ಇವತ್ತು ಒಂದು ಹರಳೂ ಹಾಕಿಲ್ಲ. ಬೇಕಂತ್ಲೇ ಹಾಕ್ಲಿಲ್ಲ. ಇಷ್ಟು ದಿನ ಉಪ್ಪು ಜಾಸ್ತಿ ಅಂತ ನನ್ ನಾಲ್ಗೆ ಹೇಳ್ತಿತ್ತು, ನೀವು ಸರಿ ಇದೆ ಅಂತಿದ್ರಿ. ತಲೆ ಜೊತೆ ನಾಲ್ಗೇನೂ ಹೋಯ್ತು ಅಂದ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ? ನೀವೇ ಸುಳ್ಳು ಹೇಳಿದ್ರೆ ನಾನು ಯಾವ್ದನ್ನ ನಂಬ್ಕೊಂಡಿರ್ಲಿ?"

ಗಂಡನ ಕರುಣೆಯೂ ಮಿದುಳಿಗೆ ಕೆಟ್ಟದ್ದೆಂದು ಡಾಕ್ಟರು ಬರೆದಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನ ಸಾರಿಗೆ ಮತ್ತೆ ಎರಡು ಸಲ ಉಪ್ಪು ಬಿದ್ದಿತ್ತು. ಅವಳು ಕೇಳಿದಳು.

"ಜಾಸ್ತಿ ಆಗಿದೆ ಕಣೇ," ಎಂದೆ.

ಅವಳು ತನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಮುಖ ಅರಳಿತು.

"ಹೌದು ರೀ, ಜಾಸ್ತಿ ಆಗಿದೆ. ನನ್ ನಾಲ್ಗೆ ಸರಿಯಾಗೇ ಇದೆ."

ಇಬ್ಬರೂ ಸಾರಿಗೆ ಬಿಸಿನೀರು ಬೆರೆಸಿಕೊಂಡು ಉಂಡೆವು.