ಬಸ್ಸಿನಲ್ಲಿ ಸರಿಹೋದ ಹತ್ತರಿ

ಮರ ನಯ ಮಾಡುವ ಹಳೇ ಹತ್ತರಿಯೊಂದನ್ನು ಭದ್ರಾವತಿಯ ಜನ್ನಾಪುರದ ಗುಜರಿ ಅಂಗಡಿಯಲ್ಲಿ ಕೊಂಡಿದ್ದೆ. ವಾರವಿಡೀ ಅಲಗಿನ ತುಕ್ಕು ತಿಕ್ಕಿ ಮಸೆದರೂ ಅದು ಮರವನ್ನು ಬರೀ ಕೆರೆಯುತ್ತಿತ್ತು. ಸೋತು, ವಾಪಸ್ ಕೊಡೋಣವೆಂದು ಶಿವಮೊಗ್ಗದಲ್ಲಿ ಭದ್ರಾವತಿ ಬಸ್ ಹತ್ತಿದೆ.

ಪಕ್ಕದ ಸೀಟಿನ ವಯಸ್ಸಾದ ಹೆಂಗಸು ನನ್ನ ತೊಡೆಯ ಮೇಲಿದ್ದ ಹತ್ತರಿಯನ್ನೇ ನೋಡಿ, "ಅಲಗು ಉಲ್ಟಾ ಹಾಕಿದ್ದೀರಲ್ಲ ಮಾರಾಯ್ರೇ!" ಎಂದರು.

"ನಿಮಗೆ ಹೇಗೆ ಗೊತ್ತಮ್ಮ?"

"ನಮ್ಮಪ್ಪ ಫ್ಯಾಕ್ಟರೀಲಿ ಬಡಗಿ. ಮಸೆಯೋ ಕೆಲಸ ನಂದೇ ಇತ್ತು. ಕೊಡಿ ಇಲ್ಲಿ."

ಸೀಟಿನ ಕಂಬಿಗೆ ಕುಟ್ಟಿ ಬೆಣೆ ಸಡಿಲಿಸಿದರು. ಕಂಡಕ್ಟರ್ ತಿರುಗಿ ನೋಡಿದ. ಆಕೆ ಅಲಗನ್ನು ತಿರುಗಿಸಿ ಕೂರಿಸಿ, ನನ್ನ ಕೈಗಿಟ್ಟು, ತಮ್ಮ ಸ್ಟಾಪಿನಲ್ಲಿ ಇಳಿದುಹೋದರು.

ನಾನು ಗುಜರಿ ಅಂಗಡಿಗೆ ಹೋಗದೆ ಮನೆಗೆ ಮರಳಿದೆ. ಹಲಗೆಯ ಮೇಲೆ ತಳ್ಳಿದರೆ ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಬಂತು. ಆ ತಾಯಿಯನ್ನು ಈಗಲೂ ನೆನೆಯುತ್ತೇನೆ. ಖುಷಿ ತಡೆಯದೆ ಮನೆಯ ಬಾಗಿಲುಗಳ ಅಂಚುಗಳನ್ನೆಲ್ಲ ನಯ ಮಾಡಿಬಿಟ್ಟೆ. ಈಗ ಒಂದರ ಚಿಲಕವೂ ಕೂರುವುದಿಲ್ಲ, ಅದು ಬೇರೆ ಮಾತು.